ಬಚ್ಚಲುಮನೆಯ ಬೂಷ್ಟು ಮತ್ತು ಶ್ರಾವಕನ ಯತ್ನಾಚಾರ

ಬಚ್ಚಲುಮನೆಯ ಗೋಡೆಗೆ ಹಿಡಿದ ಬೂಷ್ಟನ್ನು ತೆಗೆಯುವುದು ಹಿಂಸೆಯೋ, ಬಿಡುವುದು ಹಿಂಸೆಯೋ ಎಂಬ ಸಂದೇಹವು ಮಳೆಗಾಲದಲ್ಲಿ ವ್ರತನಿಷ್ಠ ಮನೆಗಳಲ್ಲಿ ತಲೆದೋರುವುದುಂಟು. ಸಂದೇಹವು ಕ್ಷುಲ್ಲಕವಾದುದಲ್ಲ. ವನಸ್ಪತಿಕಾಯವನ್ನು ವಿವರಿಸುವಾಗ ಮೂಲಾಚಾರವು ಶೈವಾಲ, ಪಣಕ, ಕವಕ, ಕುಹಣ ಎಂದು ಪಾಚಿಬೂಷ್ಟುಗಳನ್ನು ಹೆಸರಿಸಿಯೇ ಹೇಳುತ್ತದೆ. ಇಂದಿನ ವಿಜ್ಞಾನವು ಬೂಷ್ಟನ್ನು ಸಸ್ಯಗಳಿಂದ ಬೇರ್ಪಡಿಸಿ ಶಿಲೀಂಧ್ರವೆಂಬ ಪ್ರತ್ಯೇಕ ವರ್ಗದಲ್ಲಿರಿಸಿದೆ. ಅದು ಜೀವವೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಅಹಿಂಸಾಣುವ್ರತಿಯು ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು ತ್ಯಜಿಸಿದವನು. ಮನೆವಾರ್ತೆಯಲ್ಲಿ ಒದಗುವ ಸ್ಥಾವರಹಿಂಸೆ ಅವನಿಗೆ ಪೂರ್ಣವಾಗಿ ತಪ್ಪದು. ಅದನ್ನು ಮಿತಗೊಳಿಸುವುದು ಅವನ ಕರ್ತವ್ಯ. ಬೂಷ್ಟನ್ನು ಮುಟ್ಟದೆ ಬಿಟ್ಟರೆ ಅಹಿಂಸೆಯಾಯಿತೆಂದು ತಿಳಿಯುವುದು ಸರಿಯಲ್ಲ. ಬಿಟ್ಟ ಬೂಷ್ಟು ಹಬ್ಬುತ್ತದೆ. ಅದನ್ನೇ ತಿಂದು ಬದುಕುವ ಸಣ್ಣ ಕೀಟಗಳು ಅಲ್ಲಿ ಸೇರುತ್ತವೆ. ಆಮೇಲೆ ಗೋಡೆ ತೊಳೆದರೆ ತ್ರಸಜೀವಗಳ ಘಾತವೂ ಆಗುತ್ತದೆ. ಅದರ ಕಣಗಳಿಂದ ಉಬ್ಬಸವುಳ್ಳವರಿಗೆ ಬಾಧೆ ಬೇರೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನೇ ಮುಂದಿಟ್ಟಿರುವುದನ್ನು ಇಲ್ಲಿ ನೆನೆಯಬೇಕು. ಬೂಷ್ಟು ಹುಟ್ಟಲು ಆಸ್ಪದವೇ ಇಲ್ಲದಂತೆ ಮಾಡುವುದು ಶ್ರಾವಕನಿಗೆ ಉಚಿತವಾದ ಮಾರ್ಗ.

ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ ಗಾಳಿಬೆಳಕಿಗೆ ಪ್ರಾಶಸ್ತ್ಯ ಕೊಟ್ಟು ಬೆಳೆಸಿದ ಬಡಾವಣೆಗಳು. ಮನೆಗಳ ಸಾಲುಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳಿದ್ದವು. ಚಾಮರಾಜಪೇಟೆಯಲ್ಲಿಯೂ ಹಳೆಯ ಮನೆಗಳ ಬಚ್ಚಲು ಹಿತ್ತಿಲ ಕಡೆಗಿತ್ತು. ಹಂಡೆಯೊಲೆಯ ಬೆಂಕಿ ದಿನವೂ ಗೋಡೆಯನ್ನು ಒಣಗಿಸುತ್ತಿತ್ತು. ಹಿಸ್ಸೆಯಾದಾಗ ಮನೆಗಳ ನಡುವೆ ಗೋಡೆಗಳೆದ್ದವು, ಗವಾಕ್ಷಿಗಳು ಮುಚ್ಚಿದವು, ಒಲೆ ಹೋಗಿ ಗೀಸರು ಬಂದಿತು. ನೀರಿನ ಬಳಕೆ ಹೆಚ್ಚಿತು, ಒಣಗಿಸುವ ಬೆಂಕಿ ಮಾತ್ರ ಇಲ್ಲವಾಯಿತು. ತೇವ ನಿಂತ ಮೇಲ್ಮೈಯಲ್ಲಿ ಬೂಷ್ಟು ಒಂದೆರಡು ದಿನಗಳಲ್ಲಿಯೇ ಬೇರೂರಬಲ್ಲದು.

ಆದಕಾರಣ ದೊಡ್ಡ ಕೆಲಸಗಳನ್ನು ಚಾತುರ್ಮಾಸಕ್ಕೆ ಮೊದಲೇ, ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಮುಗಿಸಬೇಕು. ಸೋರುವ ನಲ್ಲಿ, ಬಿರುಕುಬಿಟ್ಟ ತಾರಸಿಗಳನ್ನು ದುರಸ್ತಿ ಮಾಡಿಸಿ, ಮುಚ್ಚಿದ ಗವಾಕ್ಷಿಯನ್ನು ತೆರೆಸಿ, ಗಾರೆಗೋಡೆಗೆ ಸುಣ್ಣ ಬಳಿಸಬೇಕು. ಸುಣ್ಣದ ಕ್ಷಾರಗುಣವು ಬೂಷ್ಟಿಗೆ ಎಡೆಗೊಡುವುದಿಲ್ಲ. ಎಣ್ಣೆಬಣ್ಣ ಬಳಿದ ಗೋಡೆಗೆ ಸುಣ್ಣ ಹಿಡಿಯದು; ಬಣ್ಣವನ್ನು ಕೆರೆದ ಮೇಲೆಯೇ ಹಚ್ಚಬೇಕು. ಗವಾಕ್ಷಿಗೆ ಎಡೆಯೇ ಇಲ್ಲದಿದ್ದರೆ ಗಾಳಿಯನ್ನು ಹೊರಗೆಳೆಯುವ ಫ್ಯಾನನ್ನು ಹಾಕಿಸಿ, ಸ್ನಾನವಾದ ಮೇಲೂ ಅರ್ಧ ಗಂಟೆ ನಡೆಸಬೇಕು. ಗ್ಯಾಸ್ ಗೀಸರನ್ನಂತೂ ಗಾಳಿಯಾಡದ ಬಚ್ಚಲೊಳಗೆ ಇಡಲೇಬಾರದು. ಅದು ಹೊರಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಪ್ರಾಣವನ್ನೇ ತೆಗೆಯುತ್ತದೆ.

ಈಗಾಗಲೇ ಹಿಡಿದಿದ್ದರೆ ಒಣಗೋಡೆಯನ್ನು ಕೆರೆಯಬಾರದು, ಕಣಗಳು ಮನೆಯೆಲ್ಲ ಹರಡುತ್ತವೆ. ಮೂಗುಬಾಯಿಗೆ ಬಟ್ಟೆ ಕಟ್ಟಿ, ಕೀಟಗಳಿದ್ದರೆ ಮೆತ್ತನೆಯ ಕುಂಚದಿಂದ ಸರಿಸಿ, ಸೋಸಿದ ನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡದಿಂದ ಗೋಡೆಯನ್ನು ನೆನೆಸಿ ಉಜ್ಜಬೇಕು. ಕೈಗೆ ರಬ್ಬರಿನ ಗವಸು ಇರಲಿ. ಬ್ಲೀಚಿಂಗ್ ಪುಡಿಯೊಡನೆ ಆಸಿಡ್ ಬೆರೆಸಿದರೆ ವಿಷವಾಯು ಏಳುತ್ತದೆ. ತೊಳೆದ ಬಳಿಕ ಒರೆಸಿ ಒಣಗಿಸದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಬೆಂಗಳೂರಿನಲ್ಲಿ ಸರಾಸರಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ದಶಲಕ್ಷಣ ಪರ್ವವೂ ಬಹುಪಾಲು ಆ ಹೊತ್ತಿಗೇ ಬರುತ್ತದೆ. ಪೂಜೆಗೆ ಹೊರಡುವವರೆಲ್ಲ ಬೆಳಗಿನ ಜಾವದಲ್ಲಿ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡಿ, ಒದ್ದೆ ಬಟ್ಟೆಗಳನ್ನು ಬಚ್ಚಲಿನಲ್ಲಿಯೇ ಹರವಿ ಹೋಗುತ್ತಾರೆ. ಆ ಹತ್ತು ದಿನ ಬಟ್ಟೆಗಳನ್ನು ಹೊರಗಿನ ಪಡಸಾಲೆಯಲ್ಲಿ ಹರವಬೇಕು. ಕೊನೆಗೆ ಮಿಂದವರು ಒಣಬಟ್ಟೆಯಿಂದ ಗೋಡೆ ನೆಲಗಳನ್ನು ಒರೆಸಿ, ಬಾಗಿಲನ್ನು ತೆರೆದಿಟ್ಟು ಬಸದಿಗೆ ಹೊರಡಬೇಕು. ಉಪವಾಸವಿರುವವರಿಗೆ ಈ ಕೆಲಸವನ್ನು ವಹಿಸದೆ ಮನೆಯ ಕಿರಿಯರು ಮಾಡುವುದು ಒಳ್ಳೆಯದು.