ಸ್ಮಾರ್ಟ್‌ಫೋನ್ ಇಲ್ಲದೆ ಹಜ್ ಮಾಡಬಹುದೇ?

ಪ್ರಶ್ನೆ: ನಮ್ಮ ತಾಯಿಗೆ 67 ವರ್ಷ. ಹಜ್‌ಗೆ ಹೋಗಬೇಕೆಂದು ಬಹಳ ದಿನದ ಆಸೆ. ಈಗ ಎಲ್ಲವೂ ಆ್ಯಪ್‌ನಲ್ಲೇ ಎನ್ನುತ್ತಾರೆ. ಅವರಿಗೆ ಬಟನ್ ಫೋನ್ ಬಿಟ್ಟರೆ ಬೇರೆ ತಿಳಿಯದು. ಅವರು ಹೋಗಲಾಗದೇ?
— ಓದುಗರೊಬ್ಬರು, ಹಗರೆ

ಉತ್ತರ: ಇದೇ ಅಳುಕು ಅನೇಕ ಮನೆಗಳಲ್ಲಿದೆ. ಫೋನ್ ಬಳಸಲು ಬಾರದವರಿಗೂ ಹಜ್‌ಗೆ ದಾರಿಯಿದೆಯೇ ಎಂಬುದು ನಿಮ್ಮ ಸಂದೇಹ. ಖಂಡಿತ ಇದೆ. ಆದರೆ ಕೆಲವು ಕೆಲಸಗಳನ್ನು ಅವರ ಪರವಾಗಿ ನೀವು ಮಾಡಬೇಕಾಗುತ್ತದೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಅರ್ಜಿ. ಭಾರತೀಯ ಹಜ್ ಸಮಿತಿಗೆ ಅರ್ಜಿಯನ್ನು ಈಗ ಆನ್‌ಲೈನ್‌ನಲ್ಲೇ ಸಲ್ಲಿಸಬೇಕು. ಅದನ್ನು ತಾಯಿಯೇ ತುಂಬಬೇಕೆಂದಿಲ್ಲ. ಪಾಸ್‌ಪೋರ್ಟ್, ಫೋಟೋ, ಬ್ಯಾಂಕ್ ವಿವರ ಹಿಡಿದುಕೊಂಡು ನೀವೇ ತುಂಬಬಹುದು, ಇಲ್ಲವೇ ಬೇಲೂರಿನ ಸೈಬರ್ ಸೆಂಟರ್‌ನಲ್ಲಿ ತುಂಬಿಸಬಹುದು.

ಎರಡನೆಯದು ಆಯ್ಕೆ. ಸ್ಥಾನಗಳಿಗಿಂತ ಅರ್ಜಿಗಳು ಹೆಚ್ಚಾದರೆ ಕಂಪ್ಯೂಟರ್ ಮೂಲಕ ಖುರ್ರಾ, ಅಂದರೆ ಚೀಟಿ ಎತ್ತುತ್ತಾರೆ. ಮೊದಲು ಅರ್ಜಿ ಹಾಕಿದವರಿಗೆ ಮೊದಲ ಅವಕಾಶ ಎಂಬುದೇನೂ ಇಲ್ಲ. ಆದರೆ 2025ರ ಹಜ್ ನೀತಿಯಲ್ಲಿ 65 ದಾಟಿದವರಿಗೆ ಆದ್ಯತೆ ಕೊಟ್ಟು, ಅವರ ಜೊತೆಗೊಬ್ಬರು ಇರಲೇಬೇಕೆಂದು ಮಾಡಿದರು. ತಾಯಿಯ ಜೊತೆ ನೀವೇ ಹೊರಟರೆ ಅರ್ಧ ಚಿಂತೆ ಅಲ್ಲೇ ಮುಗಿಯಿತು. ಫೋನ್ ನಿಮ್ಮ ಕೈಯಲ್ಲಿರುತ್ತದೆ.

ಮೂರನೆಯದು ಪ್ರಯಾಣ. 1995ರವರೆಗೂ ಮುಂಬೈಯಿಂದ ಹಜ್ ಯಾತ್ರಿಕರ ಹಡಗು ಹೊರಡುತ್ತಿತ್ತು. ಈಗ ನಮ್ಮ ಭಾಗದವರು ಬೆಂಗಳೂರಿನ ತಿರುಮೇನಹಳ್ಳಿಯ ಹಜ್ ಭವನದಲ್ಲಿ ವರದಿ ಮಾಡಿಕೊಂಡು ವಿಮಾನ ಹತ್ತುತ್ತಾರೆ. ಹೊರಡುವ ಮುನ್ನ ತರಬೇತಿ ಶಿಬಿರಗಳಿರುತ್ತವೆ. ಅದಕ್ಕೆ ತಾಯಿಯನ್ನು ತಪ್ಪದೇ ಕರೆದೊಯ್ಯಿರಿ. ವಿಧಿಗಳನ್ನು ಬಾಯಿಮಾತಿನಲ್ಲಿ ಕೇಳಿ ಕಲಿತದ್ದು ಅವರಿಗೆ ಪರದೆಗಿಂತ ಚೆನ್ನಾಗಿ ನೆನಪಿರುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಜನ 'ಹಜ್ ಆ್ಯಪ್' ಎನ್ನುವುದು ಒಂದಲ್ಲ, ಎರಡು. 'ಹಜ್ ಸುವಿಧಾ' ನಮ್ಮ ಕೇಂದ್ರ ಸರ್ಕಾರದ್ದು, 2024ರಲ್ಲಿ ಬಂದದ್ದು. ವಿಮಾನ, ವಸತಿ, ಸಾಮಾನು, ತುರ್ತು ಸಹಾಯ ಇವುಗಳ ವಿವರ ಅದರಲ್ಲಿರುತ್ತದೆ. 'ನುಸುಕ್' ಸೌದಿ ಸರ್ಕಾರದ್ದು. ಈ ನುಸುಕ್ ಹೆಸರಿನಲ್ಲೇ ಆ್ಯಪ್ ಅಲ್ಲದೆ ಒಂದು ಕಾರ್ಡ್ ಕೂಡ ಇರುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. 2024ರಿಂದ ಪ್ರತಿ ಹಾಜಿಗೂ ಕೊಡುವ ಆ ಕಾರ್ಡ್ ಇಲ್ಲದೆ ಹಜ್ ಸ್ಥಳಗಳಿಗೆ ಪ್ರವೇಶವಿಲ್ಲ. ಅದು ಕೊರಳಿಗೆ ಹಾಕಿಕೊಳ್ಳುವ ಕಾರ್ಡ್. ಅದಕ್ಕೆ ಚಾರ್ಜ್ ಬೇಡ, ಓದುಬರಹವೂ ಬೇಡ. ತಾಯಿ ಫೋನ್ ಮರೆತರೂ ನಡೆದೀತು, ಕಾರ್ಡ್ ಮರೆಯಬಾರದು.

ಇನ್ನು ಕೊನೆಯದು, ಹಜ್‌ನ ವಿಧಿಗಳು. ಅವು ನಡೆಯುವ ಸ್ಥಳಗಳಲ್ಲಿ ಏರ್ಪಾಡುಗಳು ಬದಲಾಗಿವೆ. ಯಾತ್ರಿಕರು ತಂಗುವ ಮಿನಾದಲ್ಲಿ 1997ರ ಬೆಂಕಿಯ ನಂತರ ಬೆಂಕಿ ಹಿಡಿಯದ ಡೇರೆಗಳು ಬಂದವು. ಮಿನಾ, ಮುಜ್ದಲಿಫಾ, ಅರಫಾತ್‌ಗಳ ನಡುವೆ 2010ರಿಂದ ರೈಲು ಓಡುತ್ತಿದೆ. ಸೈತಾನನಿಗೆ ಕಲ್ಲೆಸೆಯುವ ಜಮರಾತ್‌ನಲ್ಲಿ, 2006ರ ಕಾಲ್ತುಳಿತದ ನಂತರ ಹಲವು ಅಂತಸ್ತುಗಳ ಸೇತುವೆ ಕಟ್ಟಿದರು. ಇವೆಲ್ಲ ಜನಜಂಗುಳಿಯಲ್ಲಿ ಜೀವ ಉಳಿಸುವ ಏರ್ಪಾಡುಗಳು. ಅವುಗಳಿಂದ ವಿಧಿಗಳು ಬದಲಾಗಿಲ್ಲ. ಇಹ್ರಾಮ್ ಧರಿಸುವುದು, ಕಾಬಾದ ಸುತ್ತ ಏಳು ಸುತ್ತಿನ ತವಾಫ್, ಸಫಾ–ಮರ್ವಾ ನಡುವೆ ಏಳು ಬಾರಿ ನಡೆಯುವ ಸಯೀ, ಜಿಲ್‌ಹಜ್ ತಿಂಗಳ 9ನೇ ದಿನ ಅರಫಾತ್‌ನಲ್ಲಿ ಇರುವುದು, ಇವನ್ನು ಯಾತ್ರಿಕರೇ ಮಾಡಬೇಕು. ಸುತ್ತು ಎಣಿಸುವ ಆ್ಯಪ್ ಇದೆ, ನಿಜ. ಏಳು ಮಣಿಯ ಸಣ್ಣ ಸರವೂ ಅದೇ ಕೆಲಸ ಮಾಡುತ್ತದೆ. ಕಾಲು ಸೋತರೆ ಗಾಲಿಕುರ್ಚಿಯಲ್ಲಿ ತವಾಫ್ ಮಾಡಲು ಅವಕಾಶವಿದೆ.

ಒಟ್ಟಿನಲ್ಲಿ ಅರ್ಜಿ, ಟಿಕೆಟ್, ವಸತಿ ಇವುಗಳಿಗೆ ತಂತ್ರಜ್ಞಾನ ಬೇಕು. ಆರಾಧನೆಗೆ ಅದು ಷರತ್ತಲ್ಲ. 2026ರ ಹಜ್‌ಗೆ 2025ರ ಜುಲೈಯಲ್ಲೇ ಅರ್ಜಿ ಕರೆದಿದ್ದರು. ಹಾಗಾಗಿ ತಡಮಾಡದೆ ತಾಯಿಯ ಪಾಸ್‌ಪೋರ್ಟ್ ಮಾಡಿಸಿಡಿ, ಜೊತೆಗೆ ನಿಮ್ಮದನ್ನೂ.