ಏಳನೇ ಮನೆಯ ತಕರಾರು

1805ರ ಜೂನ್ 10. ಮಿಸೌರಿ ನದಿಗೆ ಮರೈಯಸ್ ಬಂದು ಸೇರುವ ಜಾಗದಲ್ಲಿ ಮೆರಿವೆದರ್ ಲೂಯಿಸ್‌ನ ತಂಡ ಬೀಡುಬಿಟ್ಟಿತ್ತು. ಅಮೆರಿಕದ ಪಶ್ಚಿಮ ಕರಾವಳಿಗೆ ದಾರಿ ಹುಡುಕುತ್ತ ಹೊರಟಿದ್ದ ಆ ತಂಡದ ಸಾಮಾನಿನಲ್ಲಿ ಒಂದು ಗಾಳಿಬಂದೂಕೂ ಇತ್ತು. ಅದರ ಮುಖ್ಯ ಸ್ಪ್ರಿಂಗ್ ಕೈಕೊಟ್ಟಿತು. ತಂಡದಲ್ಲಿದ್ದ ಜಾನ್ ಶೀಲ್ಡ್ಸ್ ಎಂಬ ಕಮ್ಮಾರ ಅಲ್ಲೇ ಕೂತು ಸ್ಪ್ರಿಂಗ್ ಹೊಸದು ಮಾಡಿಕೊಟ್ಟ. ಈತನ ಜಾಣ್ಮೆಗೆ ನಾವು ಎಷ್ಟೋ ಸಲ ಋಣಿಗಳಾಗಿದ್ದೇವೆ ಎಂಬರ್ಥದ ಮಾತನ್ನು ಲೂಯಿಸ್ ಅಂದಿನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ರಿಪೇರಿಗೆ ಬಂದದ್ದನ್ನು ಕೈಯಲ್ಲಿ ಹಿಡಿದು ನೋಡುವವನು ಪಕ್ಕದ ಡೇರೆಯಲ್ಲೇ ಇದ್ದ. ಬಿಲ್ಲಿನ ನಕಲು ಕಳಿಸಿ ಎನ್ನುವವರು ಯಾರೂ ಇರಲಿಲ್ಲ.

ಆ ಬಂದೂಕು ಜಿರಾರ್ದೋನಿ ಮಾದರಿಯದು ಎಂಬುದು ಬಹುಪಾಲು ಇತಿಹಾಸಕಾರರ ಅಭಿಪ್ರಾಯ. ಬಾರ್ತೊಲೊಮಿಯೊ ಜಿರಾರ್ದೋನಿ 1779ರ ಸುಮಾರಿಗೆ ರೂಪಿಸಿದ, ಆಸ್ಟ್ರಿಯಾದ ಸೇನೆ ಬಳಸಿದ ಬಂದೂಕು ಅದು. ಬ್ಯಾರೆಲ್ಲಿನ ಪಕ್ಕದಲ್ಲಿ ಒಂದು ಕೊಳವೆ, ಅದರೊಳಗೆ ಸುಮಾರು ಇಪ್ಪತ್ತು ಸೀಸದ ಗುಂಡು. ಮೂತಿಯನ್ನು ಮೇಲೆತ್ತಿ ಅಡ್ಡಕ್ಕಿರುವ ಲೋಹದ ಕಟ್ಟೆಯನ್ನು ಒತ್ತಿದರೆ ಒಂದು ಗುಂಡು ಅದರ ತೂತಿನೊಳಗೆ ಉರುಳುತ್ತದೆ. ಬಿಟ್ಟರೆ ಸ್ಪ್ರಿಂಗ್ ಆ ಕಟ್ಟೆಯನ್ನು ಬ್ಯಾರೆಲ್ಲಿನ ನೇರಕ್ಕೆ ತಂದು ನಿಲ್ಲಿಸುತ್ತದೆ. ಗುಂಡು ಇಳಿಸುವ ಕೆಲಸವೆಲ್ಲ ಭೂಮಿಯ ಸೆಳೆತದ್ದು. ಗಾಳಿಯ ತೊಟ್ಟಿ ತುಂಬಲು ಸುಮಾರು ಸಾವಿರದೈನೂರು ಸಲ ಪಂಪು ಹೊಡೆಯಬೇಕಿತ್ತು, ಚರ್ಮದ ಬಿರಡೆಗಳು ಒಣಗಿದರೆ ಗಾಳಿ ಸೋರುತ್ತಿತ್ತು. ನೋಡಿಕೊಳ್ಳುವುದಕ್ಕೆ ಪಳಗಿದ ಕೈಯೇ ಬೇಕಿದ್ದ ಈ ನಾಜೂಕಿನ ಬಂದೂಕನ್ನು ಸೇನೆ 1815ರ ಹೊತ್ತಿಗೆ ಬದಿಗಿಟ್ಟಿತು.

ಆದರೂ ಜಿರಾರ್ದೋನಿಗೆ ಒಂದು ಅನುಕೂಲವಿತ್ತು. ಅವನ ಗುಂಡು ಉರುಟಾಗಿತ್ತು. ಉರುಟಾದದ್ದಕ್ಕೆ ಹಿಂದುಮುಂದಿಲ್ಲ, ಹೇಗೆ ಉರುಳಿದರೂ ಒಂದೇ. ಇಂದಿನ ಏರ್‌ಗನ್ ಪೆಲೆಟ್ ಹಾಗಲ್ಲ. ಡಮರುವಿನ ಹಾಗೆ ನಡು ಸಣ್ಣ. ಮುಂದೆ ಗಟ್ಟಿ ತಲೆ, ಹಿಂದೆ ತೆಳು ಸೀಸದ ಟೊಳ್ಳು ಲಂಗ. ಗಾಳಿ ಬಡಿದಾಗ ಆ ಲಂಗ ಅರಳಿ ಬ್ಯಾರೆಲ್ಲಿನ ಗೀರುಗಳನ್ನು ಕಚ್ಚಿಕೊಳ್ಳಬೇಕು, ಅದಕ್ಕೇ ಅಷ್ಟು ತೆಳು. ಡಬ್ಬಿ ಕೈಜಾರಿ ಬಿದ್ದರೂ ಸಾಕು, ಕೆಲವು ಲಂಗಗಳು ಸೊಟ್ಟಗಾಗುತ್ತವೆ. ತಲೆಯ ಅಳತೆಯೂ ಒಂದೇ ಇರುವುದಿಲ್ಲ. 4.5 ಮಿ.ಮೀ. ಎಂದು ಎಲ್ಲರೂ ಹೇಳುವುದನ್ನೇ ಒಳ್ಳೆಯ ತಯಾರಕರು 4.49, 4.50, 4.51, 4.52 ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ಮಾರುತ್ತಾರೆ. ಭಾರದ ಪೆಲೆಟ್ ಎಂದರೆ ಉದ್ದದ ಪೆಲೆಟ್ ಎಂದೂ ಲೆಕ್ಕ, ಅಗಲ ಹೆಚ್ಚಿಸಲು ಬರುವುದಿಲ್ಲವಲ್ಲ.

ಇಂಥದ್ದನ್ನು ಒಂದರ ಹಿಂದೊಂದರಂತೆ ನೇರವಾಗಿ ಬ್ಯಾರೆಲ್ಲಿಗೆ ಉಣಿಸುವ ಹೊಣೆ ಈಗ ಒಂದು ಪುಟ್ಟ ಬಿಲ್ಲೆಯದು. ಮೊದಲೇ ಒತ್ತಡದ ಗಾಳಿ ತುಂಬಿಟ್ಟುಕೊಳ್ಳುವ ಪಿಸಿಪಿ ರೈಫಲ್‌ಗಳಲ್ಲಿ ಬರುವ ಮ್ಯಾಗಝೀನ್ ಹೆಚ್ಚಾಗಿ ಗುಂಡನೆಯದು. ನಡುವೆ ಸುತ್ತುವ ಚಕ್ರ, ಚಕ್ರದಲ್ಲಿ ಹತ್ತೋ ಹನ್ನೆರಡೋ ಮನೆಗಳು, ಒಳಗೊಂದು ಸುರುಳಿ ಸ್ಪ್ರಿಂಗ್. ಬೋಲ್ಟ್ ಹಿಂದಕ್ಕೆಳೆದರೆ ಅದರ ತುದಿಯ ಕಡ್ಡಿ ಚಕ್ರದಿಂದ ಹೊರಗೆ ಬರುತ್ತದೆ, ಸ್ಪ್ರಿಂಗ್ ಚಕ್ರವನ್ನು ಒಂದು ಮನೆ ಮುಂದಕ್ಕೆ ತಿರುಗಿಸುತ್ತದೆ. ಬೋಲ್ಟ್ ಮುಂದೂಡಿದರೆ ಕಡ್ಡಿ ಆ ಮನೆಯ ಪೆಲೆಟ್ಟನ್ನು ತಳ್ಳಿಕೊಂಡು ಹೋಗಿ, ಗಾಳಿ ಬರುವ ತೂತನ್ನು ದಾಟಿಸಿ, ಬ್ಯಾರೆಲ್ಲಿನ ಬಾಯಲ್ಲಿ ಕೂರಿಸುತ್ತದೆ. ಚಕ್ರ ಕೂದಲೆಳೆಯಷ್ಟು ಹಿಂದೆ ನಿಂತರೂ ಪೆಲೆಟ್ಟಿನ ತಲೆ ಬ್ಯಾರೆಲ್ಲಿನ ಅಂಚಿಗೆ ತಾಗುತ್ತದೆ. ಬಲ ಹಾಕಿ ನೂಕಿದವರಿಗೆ ಲಂಗ ಹರಿದ ಪೆಲೆಟ್ ಸಿಗುತ್ತದೆ. ಗುರಿ ಎಲ್ಲೋ, ಏಟು ಎಲ್ಲೋ.

ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್, ಏರ್ ಪಿಸ್ತೂಲಿನವರಿಗೆ ಈ ಕಾಟವಿಲ್ಲ. ಅಲ್ಲಿ ಒಂದು ಸಲಕ್ಕೆ ಒಂದೇ ಪೆಲೆಟ್, ಕೈಯಲ್ಲೇ ಇಡಬೇಕು. ಹಾಗೆಂದು ಯಂತ್ರದ ಕಾಟ ಪೂರ್ತಿ ತಪ್ಪಿಲ್ಲ. 2021ರ ಜುಲೈ 25ರಂದು ಟೋಕಿಯೊದಲ್ಲಿ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ಗಡಿಯಾರ ಓಡುತ್ತಲೇ ಇತ್ತು. ಸರಿಮಾಡಿಸಿಕೊಂಡು ಬಂದು ಉಳಿದ ಗುಂಡುಗಳನ್ನು ಅವಸರದಲ್ಲಿ ಹೊಡೆದು 575 ಅಂಕ ಗಳಿಸಿದರೂ ಹನ್ನೆರಡನೆಯವರಾದರು. ಫೈನಲ್ ತಪ್ಪಿದ್ದು ಎರಡು ಅಂಕಗಳಿಂದ. ಅವರೇ 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದದ್ದು ಎಲ್ಲರಿಗೂ ಗೊತ್ತು. ದೊಡ್ಡ ಕೂಟಗಳಿಗೆ ತಯಾರಕರ ಮೆಕ್ಯಾನಿಕ್‌ಗಳು ಉಪಕರಣದ ಪೆಟ್ಟಿಗೆ ಹಿಡಿದು ಬಂದು ಕೂರುವುದು ಸುಮ್ಮನೆ ಅಲ್ಲ.

ಬೆಂಗಳೂರಿನ ಹವ್ಯಾಸಿಗಳಿಗೆ ಅಂಥ ಭಾಗ್ಯವಿಲ್ಲ. ನನ್ನ ರೈಫಲ್ಲಿನ ಮ್ಯಾಗಝೀನ್ ಕಚ್ಚಿಕೊಳ್ಳತೊಡಗಿದಾಗ ರೇಂಜಿನಲ್ಲಿದ್ದವರೆಲ್ಲ ಒಂದೊಂದು ಮದ್ದು ಹೇಳಿದರು. ಎಣ್ಣೆ ಬಿಡು ಎಂದವರೊಬ್ಬರು, ಸ್ಪ್ರಿಂಗ್ ಬಿಗಿಮಾಡು ಎಂದವರೊಬ್ಬರು. ಎಣ್ಣೆಯ ಸಲಹೆ ಕೆಟ್ಟದ್ದು. ಸೀಸದ ಪುಡಿ ಎಣ್ಣೆಗೆ ಅಂಟಿ ಕೆಸರಾಗುತ್ತದೆ. ಅದು ಗಾಳಿಯ ದಾರಿಗೆ ಇಳಿದರೆ, ಹೆಚ್ಚು ಒತ್ತಡದಲ್ಲಿ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳುವ ಅಪಾಯವೂ ಇದೆ. ಇದನ್ನು ಹೇಳಿ ಉಳಿದವರ ಬಾಯಿ ಮುಚ್ಚಿಸಿದವರು ಅಲ್ಲಿನ ಹಿರಿಯ ಕೋಚ್, ಎಲ್ಲರ ಬಾಯಲ್ಲೂ ಮೇಷ್ಟ್ರು.

ಮೇಷ್ಟ್ರು ಮಾಡಿದ್ದು ಇಷ್ಟೇ. ಮಾರ್ಕರ್ ಪೆನ್ನಿನಿಂದ ಚಕ್ರದ ಪ್ರತಿ ಮನೆಗೂ ಒಂದು ನಂಬರು ಬರೆದರು. "ಎಲ್ಲಿ ಕಚ್ಚಿಕೊಳ್ತೋ ಆ ನಂಬರ್ ಬರ್ಕೊ. ಯಾವ ಪೆಲೆಟ್ ಅಂತಾನೂ ಬರಿ. ಬಿಚ್ಚೋಕೆ ಮಾತ್ರ ಹೋಗ್ಬೇಡ," ಎಂದರು. ಅವರ ಲೆಕ್ಕ ಸರಳ. ಯಾವಾಗಲೂ ಒಂದೇ ಮನೆಯಲ್ಲಿ ನಿಂತರೆ ದೋಷ ಚಕ್ರದ್ದು. ಮೊದಲ ಮನೆಗಳು ಸಲೀಸಾಗಿ ಹೋಗಿ ಕೊನೆಕೊನೆಗೆ ನಿಂತರೆ ಸ್ಪ್ರಿಂಗಿಗೆ ಬಲವಿಲ್ಲ. ಎಲ್ಲೆಂದರಲ್ಲಿ ನಿಂತರೆ ಪೆಲೆಟ್ ಅಥವಾ ಬ್ಯಾರೆಲ್ಲಿನ ಬಾಯಿ.

ಪಟ್ಟಿ ಬೆಳೆದಂತೆ ಕಂಡದ್ದು ಒಂದಲ್ಲ, ಎರಡು ಕಾಯಿಲೆ. ಭಾರದ ಉದ್ದ ಪೆಲೆಟ್ ಹಾಕಿದ ದಿನ ತೊಂದರೆ ಎಲ್ಲ ಮನೆಗಳಲ್ಲೂ ಇತ್ತು: ಪೆಲೆಟ್ಟಿನ ಮೂತಿ ಚಕ್ರದ ದಪ್ಪವನ್ನು ಮೀರಿ ಹೊರಗಿಣುಕಿ, ಚಕ್ರ ತಿರುಗುವಾಗ ಕವಚಕ್ಕೆ ಉಜ್ಜುತ್ತಿತ್ತು. ಎಂಟು ಗ್ರೇನ್ ಆಸುಪಾಸಿನ ಗುಮ್ಮಟ ತಲೆಯ ಪೆಲೆಟ್ ಹಾಕಿದ ದಿನ ಮಿಕ್ಕೆಲ್ಲ ಸರಾಗ, ಏಳನೇ ಮನೆ ಮಾತ್ರ ಮೊಂಡು. ಜಾತಕದಲ್ಲೂ ಜಗಳವೆಲ್ಲ ಏಳನೇ ಮನೆಯದ್ದೇ ತಾನೆ ಎಂದು ಮೇಷ್ಟ್ರು ನಕ್ಕರು.

ಈ ಪಟ್ಟಿಗೂ ಮೊದಲು ಕಂಪನಿಗೆ ಒಂದು ಮೇಲ್ ಹೋಗಿತ್ತು. ಉತ್ತರ ಮರುದಿನವೇ ಬಂತು: ನಮ್ಮ ಉತ್ಪನ್ನ ಆರಿಸಿಕೊಂಡದ್ದಕ್ಕೆ ಧನ್ಯವಾದ, ಮ್ಯಾಗಝೀನನ್ನು ಒಣಬಟ್ಟೆಯಿಂದ ಒರೆಸಿ, ಬೇರೆ ಪೆಲೆಟ್ ಬಳಸಿ ನೋಡಿ. ಯಾರು ಏನು ಬರೆದರೂ ಹೋಗುವ ಉತ್ತರ ಅದು. ಸಿಟ್ಟು ಬಂತು ನಿಜ. ಆದರೆ ಆ ಬದಿಯ ಕಷ್ಟವೂ ಇದೆ. ಜಾಮ್ ಆಗುತ್ತದೆ ಎಂಬ ದೂರು ಓದಿದವನಿಗೆ ಪೆಲೆಟ್ ಸೊಟ್ಟಗಿದೆಯೋ, ಸ್ಪ್ರಿಂಗ್ ಸತ್ತಿದೆಯೋ, ಅಚ್ಚೇ ಕೆಟ್ಟಿದೆಯೋ ಹೇಗೆ ಗೊತ್ತಾಗಬೇಕು? ಹೆಚ್ಚಿನ ದೂರುಗಳು ಪೆಲೆಟ್ ಬದಲಿಸಿದರೆ ತೀರುತ್ತವೆ ಎಂಬುದೂ ಅವರ ಅನುಭವವೇ ಇರಬೇಕು. ನನ್ನ ಮಟ್ಟಿಗಂತೂ ಅರ್ಧ ಕಾಯಿಲೆಗೆ ಅದೇ ಮದ್ದಾಯಿತು.

ಎರಡನೇ ಮೇಲ್‌ನಲ್ಲಿ ವಿವರಣೆ ಕಡಿಮೆ, ದಾಖಲೆ ಹೆಚ್ಚು. ರೈಫಲ್ಲಿನ ಸೀರಿಯಲ್ ನಂಬರ್, ಬಿಲ್ಲಿನ ಚಿತ್ರ, ಪೆಲೆಟ್ ಡಬ್ಬಿಯ ಚಿತ್ರ, ನಂಬರು ಬರೆದ ಪಟ್ಟಿ, ಬೋಲ್ಟ್ ಏಳನೇ ಮನೆಯಲ್ಲಿ ನಿಲ್ಲುವ ಚಿಕ್ಕ ವಿಡಿಯೊ. ಈ ಸಲ ಬಂದದ್ದು ಫೋನು, ಮಾತಾಡಿದ್ದು ವರ್ಕ್‌ಶಾಪಿನ ಹುಡುಗ. ಅವನು ಧನ್ಯವಾದ ಹೇಳಲಿಲ್ಲ, ಪ್ರಶ್ನೆ ಕೇಳಿದ. "ಬೋಲ್ಟ್ ಮುಂದಕ್ಕೆ ಹೋಗೋವಾಗ ಬಿಗಿಯಾ ಸರ್, ಹಿಂದಕ್ಕೆ ಬರೋವಾಗಾನಾ?" "ಪೆಲೆಟ್ ತಲೆ ಎಷ್ಟು, ಡಬ್ಬಿ ಮೇಲೆ ನೋಡಿ." ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಚುರುಕಿನದು: "ಮ್ಯಾಗಝೀನ್ ತೆಗೆದು ಒಂದೇ ಪೆಲೆಟ್ ಕೈಯಲ್ಲಿಟ್ಟು ತಳ್ಳಿ ನೋಡಿದ್ರಾ?"

ಇಡೀ ತಕರಾರು ಆ ಒಂದು ಪರೀಕ್ಷೆಯಲ್ಲಿ ಎರಡು ಹೋಳಾಯಿತು. ಕೈಯಲ್ಲಿಟ್ಟ ಪೆಲೆಟ್ ಸಲೀಸಾಗಿ ಹೋದರೆ ಬ್ಯಾರೆಲ್ಲಿನ ಬಾಯಿ, ಅಲ್ಲಿನ ಓ-ರಿಂಗ್, ಬೋಲ್ಟಿನ ಕಡ್ಡಿ ಮೂರೂ ನೆಟ್ಟಗಿವೆ ಎಂದಾಯಿತು. ಹೋಗದಿದ್ದರೆ ಮ್ಯಾಗಝೀನನ್ನು ಬೈದು ಫಲವಿಲ್ಲ. ನನ್ನದು ಸಲೀಸಾಗಿ ಹೋಯಿತು. ಟಾರ್ಚ್ ಹಿಡಿದು ಏಳನೇ ಮನೆಯೊಳಗೆ ನೋಡಿ ಎಂದ. ಪ್ಲಾಸ್ಟಿಕ್ ಅಚ್ಚಿನ ಎರಡು ಭಾಗ ಕೂಡುವ ಕಡೆ ಸಣ್ಣದೊಂದು ಏಣು ಉಳಿದಿತ್ತು. ಬ್ಲೇಡಿನಿಂದ ಕೆರೆದರೆ ಆಗದೇ ಎಂದು ಕೇಳಿದೆ. "ಬೇಡಿ ಸರ್. ಜಾಸ್ತಿ ಕೆರೆದ್ರೆ ಪೆಲೆಟ್ ಲೂಸಾಗಿ ಬೀಳುತ್ತೆ, ಆಮೇಲೆ ವಾರಂಟಿನೂ ಇರಲ್ಲ. ಬದಲಾಯಿಸಿ ಕೊಡ್ತೀವಿ."

ಕೊಟ್ಟರು, ನಡುವೆ ಡೀಲರ್ ಇದ್ದ. ಕಂಪನಿ ಕಳಿಸಿದ್ದೇವೆ ಎನ್ನುತ್ತದೆ, ಅಂಗಡಿ ಬಂದಿಲ್ಲ ಎನ್ನುತ್ತದೆ, ಅಂಗಡಿಯ ಹುಡುಗ ವಾರಂಟಿ ಕಾರ್ಡಿಗೆ ಸೀಲು ಬಿದ್ದಿಲ್ಲ ಎನ್ನುತ್ತಾನೆ. ಕೆಲವು ವಾರ ಇದೇ ಆಟ. ಕೊನೆಗೆ ಅದೇ ವರ್ಕ್‌ಶಾಪಿನ ಹುಡುಗ ಅಂಗಡಿಗೆ ನೇರ ಫೋನು ಮಾಡಿದ ಮೇಲೆ ಪೊಟ್ಟಣ ಕಪಾಟಿನಿಂದ ಹೊರಬಂತು. ಕಂಪನಿಯ ಸೇವೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ಮೇಲ್ ಬರೆಯುವ ಮೇಜಿನಲ್ಲಿ ಸೌಜನ್ಯವಿತ್ತು, ವರ್ಕ್‌ಶಾಪಿನಲ್ಲಿ ವಿದ್ಯೆಯಿತ್ತು. ಇವೆರಡರ ನಡುವೆ ದಾರಿ ಮಾತ್ರ ಇರಲಿಲ್ಲ.

ಕಾನೂನಿನ ದಾರಿಯೂ ಇದೆ, ನನಗೆ ಬೇಕಾಗಲಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷಯುಕ್ತ ವಸ್ತುವಿಗೆ ಮಾರಿದವರನ್ನೂ ತಯಾರಿಸಿದವರನ್ನೂ ಹೊಣೆ ಮಾಡಬಹುದು. ದೂರು ಕೊಡಲು ಎರಡು ವರ್ಷದ ಗಡುವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಎಲ್ಲದಕ್ಕೂ ಬೇಕಾದದ್ದು ಬಿಲ್ಲು. 4.5 ಮಿ.ಮೀ. ಅಳತೆಯ, 20 ಜೌಲ್ ಒಳಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಡವೆಂದು ಬಿಲ್ಲನ್ನೂ ಬೇಡ ಎನ್ನುವ ಗಿರಾಕಿಗಳಿದ್ದಾರೆ. ವಾರಂಟಿಗೂ ಅಂಥವರಿಗೂ ಅಲ್ಲಿಗೆ ಸಂಬಂಧ ಮುಗಿಯಿತು.

ಜಾಮ್ ಬಿಡಿಸುವ ಕ್ರಮದ ಬಗ್ಗೆ ಮೇಷ್ಟ್ರು ತುಂಬ ಕಟ್ಟುನಿಟ್ಟು. ಬೋಲ್ಟ್ ಅರ್ಧಕ್ಕೆ ನಿಂತಾಗ ಗಾಬರಿಯಲ್ಲಿ ಹಿಂದೆಮುಂದೆ ಜಗ್ಗುವವರೇ ಹೆಚ್ಚು. ಹಲವು ಮಾದರಿಗಳಲ್ಲಿ ಹಾಗೆ ಜಗ್ಗಿದಷ್ಟು ಸಲವೂ ಚಕ್ರ ತಿರುಗಿ, ಬ್ಯಾರೆಲ್ಲಿನಲ್ಲಿ ಒಂದರ ಹಿಂದೆ ಇನ್ನೊಂದು ಪೆಲೆಟ್ ಕೂತಿರುತ್ತದೆ. ಮೂತಿ ಗುರಿಹಲಗೆಯ ಕಡೆಗೇ ಇರಬೇಕು, ಬೆರಳು ಟ್ರಿಗರ್ ಬಿಟ್ಟು ದೂರ. ಮ್ಯಾಗಝೀನ್ ಹೊರಗೆ, ಕೈಪಿಡಿಯಲ್ಲಿ ಹೇಳಿದಂತೆ ಕಾಕ್ ಇಳಿಸಿ ಗಾಳಿ ಬಿಟ್ಟು, ಬೋಲ್ಟ್ ತೆರೆದಿಟ್ಟು, ಆಮೇಲೆ ಕ್ಲೀನಿಂಗ್ ರಾಡಿನಿಂದ ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ತಳ್ಳುವುದು. ಕಾಕ್ ಆಗಿರುವ, ಗಾಳಿ ತುಂಬಿರುವ ರೈಫಲ್ಲಿನ ಮೂತಿಗೆ ರಾಡ್ ತೂರಿಸಲು ಹೋದ ಹುಡುಗನೊಬ್ಬನನ್ನು ಅವರು ಅಂದು ಇಡೀ ದಿನ ಬೆಂಚಿನ ಮೇಲೆ ಕೂರಿಸಿದ್ದರು.

ಹೊಸದಾಗಿ ಕೊಳ್ಳಲು ಹೊರಟವರು ನನ್ನನ್ನು ಕೇಳುವುದು ಬಣ್ಣ, ಬ್ರಾಂಡು, ದುರ್ಬೀನು. ನಾನು ಕೇಳಿಸುವುದು ಬೇರೆ: ಈ ಮಾದರಿಯ ಮ್ಯಾಗಝೀನ್ ಬಿಡಿಯಾಗಿ ಅಂಗಡಿಯಲ್ಲಿ ಇದೆಯೇ, ಇದ್ದರೆ ತೋರಿಸಿ. ಎಷ್ಟು ಉದ್ದದ ಪೆಲೆಟ್‌ವರೆಗೆ ಹಿಡಿಸುತ್ತದೆ? ಒಂಟಿ ಪೆಲೆಟ್ ಇಡುವ ತಟ್ಟೆ ಜೊತೆಗೆ ಬರುತ್ತದೆಯೇ? ಆ ತಟ್ಟೆಯಿದ್ದರೆ ಮ್ಯಾಗಝೀನ್ ರಿಪೇರಿಗೆ ಹೋದ ವಾರಗಳಲ್ಲೂ ಅಭ್ಯಾಸ ನಿಲ್ಲುವುದಿಲ್ಲ. ವರ್ಕ್‌ಶಾಪಿನ ಹುಡುಗನ ಆ ಕೊನೆಯ ಪ್ರಶ್ನೆಗೆ ಅಂಗಡಿಯಲ್ಲೇ ಉತ್ತರವೂ ಸಿಗುತ್ತದೆ. ಸೀಲು ಹಾಕಿದ ವಾರಂಟಿ ಕಾರ್ಡು ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ ಎಂದೂ ಹೇಳಿ ಕಳಿಸುತ್ತೇನೆ.