ಮೊಳದುದ್ದದ ಕಾರು

ಬಂಡಿಯನ್ನು ಕಂಡ ಮಗು ತಾನೂ ಒಂದು ಬಂಡಿಯನ್ನು ಮಾಡಲು ಹೊರಡುತ್ತದೆ. ಬಳ್ಳಾರಿ ಸೀಮೆಯ ಕುರುಗೋಡು, ಸಿರುಗುಪ್ಪಗಳ ಸುತ್ತಣ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಕೊಯ್ಲು ಮುಗಿಯಿತೆಂದರೆ ಹಳ್ಳಿಯ ಮಕ್ಕಳ ಕೈಗೆ ಕೆಲಸ ಬರುತ್ತಿತ್ತು. ಜೋಳದ ದಂಟನ್ನು ಸೀಳಿ, ಸಿಬಿರನ್ನು ಒಂದು ಕಡೆ, ಒಳಗಿನ ಬೆಂಡನ್ನು ಒಂದು ಕಡೆ ಇಟ್ಟುಕೊಂಡು, ಜಾಲಿಯ ಮುಳ್ಳನ್ನೇ ಮೊಳೆಯಾಗಿಸಿ ಅವರು ಕಟ್ಟುತ್ತಿದ್ದ ಗಾಡಿಗೆ ನೊಗವಿತ್ತು, ಮೂಕಿಯಿತ್ತು, ಅಚ್ಚಿತ್ತು, ಗಾಲಿಯಿತ್ತು. ಮನೆಯ ಅಂಗಳದಲ್ಲಿ ನಿಂತ ನಿಜವಾದ ಗಾಡಿಯಲ್ಲಿ ಏನೇನಿತ್ತೋ ಅದೆಲ್ಲ ಇದರಲ್ಲಿಯೂ ಇರಬೇಕೆಂಬುದು ಆ ಪುಟ್ಟ ಶಿಲ್ಪಿಗಳ ಹಟ. ಹಾಗೆ ಮಾಡುವಾಗಲೇ ಅವರು, ಅಚ್ಚು ಓರೆಯಾದರೆ ಗಾಲಿ ತೊನೆಯುತ್ತದೆ ಎಂಬ ಪಾಠವನ್ನು ಯಾರಿಂದಲೂ ಹೇಳಿಸಿಕೊಳ್ಳದೆ ಕಲಿಯುತ್ತಿದ್ದರು.

ಅದೇ ಹಟದ ಇಂದಿನ ರೂಪ ರೇಡಿಯೊ ನಿಯಂತ್ರಿತ ಮಾದರಿ ಕಾರು. ನಿಜವಾದ ಪಂದ್ಯದ ಕಾರಿನ ಹತ್ತನೆಯ ಒಂದು ಪಾಲಿನ ಅಳತೆಯಲ್ಲಿ ಕಟ್ಟಿದ, ಉದ್ದದಲ್ಲಿ ಒಂದು ಮೊಳಕ್ಕೆ ಹತ್ತಿರವಾದ ಈ ಕಾರು ದೂರದಲ್ಲಿ ನಿಂತವನ ಬೆರಳಿನ ಸನ್ನೆಗೆ ಓಡುತ್ತದೆ, ತಿರುಗುತ್ತದೆ, ನಿಲ್ಲುತ್ತದೆ. ಇದನ್ನು ಕೊಂಡುತಂದು ಓಡಿಸುವವರು ಹಲವರು. ಬಿಡಿಭಾಗಗಳನ್ನು ತರಿಸಿ ತಾವೇ ಕಟ್ಟುವವರು ಕೆಲವರು. ಇಲ್ಲಿ ನಾವು ನೋಡಬೇಕಾದುದು ಈ ಎರಡನೆಯವರ ಕೆಲಸವನ್ನು.

ತಂತಿಯಿಲ್ಲದೆ ದೂರದ ವಸ್ತುವನ್ನು ಆಡಿಸಬಹುದೆಂಬುದನ್ನು ಜನರೆದುರು ತೋರಿಸಿದವರಲ್ಲಿ ಮೊದಲಿಗರೊಬ್ಬರು ನಮ್ಮ ಜಗದೀಶ ಚಂದ್ರ ಬೋಸರು. 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಅವರು ಹೊರಡಿಸಿದ ವಿದ್ಯುತ್ ಅಲೆಗಳು ಗೋಡೆಗಳನ್ನು ದಾಟಿ ಹೋಗಿ ಗಂಟೆಯನ್ನು ಬಾರಿಸಿದವು, ಮದ್ದಿಗೆ ಕಿಡಿ ತಾಗಿಸಿದವು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ವಸ್ತುಪ್ರದರ್ಶನವೊಂದರಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ದೋಣಿಯೊಂದನ್ನು ರೇಡಿಯೊ ಅಲೆಗಳಿಂದ ನಡೆಸಿದರು. ಆದರೆ ಆ ಕಾಲದ ಸಾಧನಗಳು ಭಾರವಾದವು. ಅವನ್ನು ಪುಟ್ಟ ಕಾರಿನೊಳಗೆ ಅಡಗಿಸಲು ಟ್ರಾನ್ಸಿಸ್ಟರು ಹುಟ್ಟಿ ಬರಬೇಕಾಯಿತು. 1966ರಲ್ಲಿ ಇಟಲಿಯ ಕಂಪನಿಯೊಂದು ಫೆರಾರಿ ಕಾರಿನ ರೇಡಿಯೊ ನಿಯಂತ್ರಿತ ಮಾದರಿಯನ್ನು ಮಾರಾಟಕ್ಕೆ ತಂದಿತು. 1976ರಲ್ಲಿ ಜಪಾನಿನ ತಮಿಯಾ ಕಂಪನಿಯ ಪೋರ್ಷೆ 934 ಬಂದ ಮೇಲೆ ಈ ಹವ್ಯಾಸ ಮನೆಮನೆಯನ್ನು ಹೊಕ್ಕಿತು. ಪೋರ್ಷೆ ಮಾದರಿಯ ಪ್ರತಿಯೊಂದು ವಿವರವೂ ಸರಿಯಾಗಿ ಬರಲೆಂದು ತಮಿಯಾದವರು ನಿಜವಾದ ಪೋರ್ಷೆ ಕಾರೊಂದನ್ನೇ ಕೊಂಡು ಬಿಚ್ಚಿ ನೋಡಿದರು. ಜೋಳದ ದಂಟಿನ ಗಾಡಿ ಮಾಡಿದ ಹುಡುಗರು ಈ ಸಂಗತಿಯನ್ನು ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ.

ಕಟ್ಟುವ ಕೆಲಸ ಅಡಿಗಟ್ಟಿನಿಂದ, ಎಂದರೆ ಚಾಸಿಸ್‌ನಿಂದ ಆರಂಭವಾಗುತ್ತದೆ. ಪ್ಲಾಸ್ಟಿಕ್ಕಿನ ಇಲ್ಲವೆ ಇಂಗಾಲದ ನಾರಿನ ಚಪ್ಪಟೆ ಹಲಗೆಯ ಮೇಲೆ ಮೋಟಾರು, ಬ್ಯಾಟರಿ, ಗ್ರಾಹಕಯಂತ್ರ, ಮುಂಗಾಲಿಗಳನ್ನು ಹೊರಳಿಸುವ ಸರ್ವೊ ಎಂಬ ಸಾಧನ, ಮೋಟಾರಿನ ವೇಗವನ್ನು ಹತೋಟಿಯಲ್ಲಿಡುವ ಸಾಧನ ಇವೆಲ್ಲ ಕುಳಿತುಕೊಳ್ಳುತ್ತವೆ. ಕೈಯಲ್ಲಿರುವ ಪ್ರೇಷಕಯಂತ್ರ ಪ್ರತಿ 20 ಮಿಲಿಸೆಕೆಂಡಿಗೆ ಒಮ್ಮೆಯಾದರೂ ಆಜ್ಞೆಯನ್ನು ಕಳುಹಿಸುತ್ತದೆ. ಗ್ರಾಹಕಯಂತ್ರ ಅದನ್ನು ಒಂದು ವಿದ್ಯುತ್ ಮಿಡಿತವಾಗಿ ಸರ್ವೊವಿಗೆ ದಾಟಿಸುತ್ತದೆ. ಮಿಡಿತ ಒಂದೂವರೆ ಮಿಲಿಸೆಕೆಂಡು ಇದ್ದರೆ ಗಾಲಿ ನೇರವಾಗಿರಬೇಕು, ಒಂದಕ್ಕೆ ಇಳಿದರೆ ಒಂದು ಪಕ್ಕಕ್ಕೆ, ಎರಡಕ್ಕೆ ಏರಿದರೆ ಇನ್ನೊಂದು ಪಕ್ಕಕ್ಕೆ. ಸರ್ವೊವಿನೊಳಗೆ ಪುಟ್ಟ ಮೋಟಾರೊಂದಿದೆ, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಗಾಲಿಗಳಿವೆ. ತಾನು ಎಷ್ಟು ತಿರುಗಿದ್ದೇನೆ ಎಂಬುದನ್ನು ಅಳೆದು, ಬಂದ ಆಜ್ಞೆಯೊಡನೆ ಹೋಲಿಸಿಕೊಂಡು, ಎರಡೂ ಒಂದಾದಾಗ ಅದು ನಿಲ್ಲುತ್ತದೆ. ಹಿಂದೆ 27 ಮೆಗಾಹರ್ಟ್ಸಿನ ಅಲೆಗಳನ್ನು ಬಳಸುತ್ತಿದ್ದಾಗ ಒಂದೇ ಕಂಪನಾಂಕದ ಎರಡು ಪ್ರೇಷಕಗಳು ಒಂದೇ ಮೈದಾನದಲ್ಲಿದ್ದರೆ ಒಬ್ಬನ ಆಜ್ಞೆಗೆ ಇನ್ನೊಬ್ಬನ ಕಾರು ಓಡುವ ಅವಾಂತರವಾಗುತ್ತಿತ್ತು. 2.4 ಗಿಗಾಹರ್ಟ್ಸಿನ ಈಗಿನ ಸಾಧನಗಳಲ್ಲಿ ಪ್ರತಿಯೊಂದು ಗ್ರಾಹಕವೂ ತನ್ನ ಪ್ರೇಷಕದ ಗುರುತನ್ನು ಬಲ್ಲುದು.

ಎತ್ತಿನ ಗಾಡಿಗೆ ಇಲ್ಲದ ಒಂದು ತೊಡಕು ಕಾರಿಗೆ ಉಂಟು. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನ ಗಾಲಿಗಿಂತ ಹೆಚ್ಚು ದೂರ ಕ್ರಮಿಸಬೇಕು. ಎತ್ತಿನ ಗಾಡಿಯಲ್ಲಿ ಗಾಲಿಗಳು ಅಚ್ಚಿನ ಮೇಲೆ ಸ್ವತಂತ್ರವಾಗಿ ತಿರುಗುವುದರಿಂದ ಇದು ಸಮಸ್ಯೆಯೇ ಅಲ್ಲ. ಕಾರಿನಲ್ಲಾದರೋ ಮೋಟಾರು ಅಚ್ಚನ್ನೇ ತಿರುಗಿಸುತ್ತದೆ. ಎರಡು ಗಾಲಿಗಳೂ ಬಿಗಿಯಾಗಿ ಕೂಡಿಕೊಂಡಿದ್ದರೆ ಒಂದು ನೆಲವನ್ನು ಉಜ್ಜಿಕೊಂಡು ಜಾರಲೇಬೇಕು. ಅದಕ್ಕಾಗಿ ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಗುಂಪನ್ನು ಇಡುತ್ತಾರೆ. ಇದು ಬಲವನ್ನು ಎರಡೂ ಗಾಲಿಗಳಿಗೆ ಹಂಚುತ್ತದೆ, ವೇಗದಲ್ಲಿ ವ್ಯತ್ಯಾಸಕ್ಕೆ ಎಡೆಗೊಡುತ್ತದೆ. ಕುರುಗೋಡಿನಲ್ಲಿ ಪ್ರತಿವರ್ಷ ನಡೆಯುವ ದೊಡ್ಡಬಸವೇಶ್ವರನ ರಥೋತ್ಸವವನ್ನು ಕಂಡವರು, ದೊಡ್ಡ ರಥದ ಓಟವನ್ನು ತಿದ್ದುವುದು ಎಷ್ಟು ಕಷ್ಟವೆಂಬುದನ್ನು ಬಲ್ಲರು. ತೇರಿಗೆ ಹೊರಳುವ ಮುಂಗಾಲಿಗಳಿಲ್ಲ. ಗಾಲಿಯ ಕೆಳಗೆ ಮರದ ಬೆಣೆಯನ್ನು ಕೊಟ್ಟು ಅದನ್ನು ತಿರುಗಿಸಬೇಕು, ನಿಲ್ಲಿಸಬೇಕು. ಬೆಣೆ ಕೊಡುವವನ ಕಣ್ಣು ಒಂದು ಕ್ಷಣ ತಪ್ಪಿದರೂ ಅಪಾಯ.

ಕಾರು ಕಟ್ಟಿ ಮುಗಿಯಿತು, ಓಡಿತು ಎನ್ನೋಣ. ಹದಿನೈದು ದಿನ ಕಳೆಯುವುದರೊಳಗೆ ಅದರ ವೇಗ ಸಾಲದೆನಿಸುತ್ತದೆ. ಸುಧಾರಣೆಯ ಕತೆ ಆರಂಭವಾಗುವುದೇ ಇಲ್ಲಿ. ಹೆಚ್ಚಿನ ಹುಡುಗರು ಮೊದಲು ಕೈಹಾಕುವುದು ಮೋಟಾರಿಗೆ, ಇಲ್ಲವೆ ಅದರ ಹಲ್ಲುಗಾಲಿಗೆ. ಮೋಟಾರಿನ ದಂಡದ ಮೇಲಿನ ಚಿಕ್ಕ ಗಾಲಿಗೆ 20 ಹಲ್ಲು, ಅದು ತಿರುಗಿಸುವ ದೊಡ್ಡ ಗಾಲಿಗೆ 80 ಹಲ್ಲು ಇದ್ದರೆ ಮೋಟಾರಿನ ನಾಲ್ಕು ಸುತ್ತಿಗೆ ದೊಡ್ಡ ಗಾಲಿಯದು ಒಂದು ಸುತ್ತು. ಚಿಕ್ಕದನ್ನು 25 ಹಲ್ಲಿನದಾಗಿ ಬದಲಿಸಿದರೆ ಮೂರು ಚಿಲ್ಲರೆ ಸುತ್ತಿಗೇ ಒಂದು ಸುತ್ತಾಗುತ್ತದೆ. ಲೆಕ್ಕದಲ್ಲಿ ವೇಗ ಕಾಲುಭಾಗ ಹೆಚ್ಚಿತು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಪಟ್ಟಿಯ ಚಕ್ರವನ್ನು ಬದಲಿಸುವ ಮಿಸ್ತ್ರಿಗೂ ಈ ಲೆಕ್ಕ ಬಾಯಿಪಾಠ. ಆದರೆ ಆ ಮಿಸ್ತ್ರಿ ಚಕ್ರ ಬದಲಿಸಿದ ಮೇಲೆ ಮೋಟಾರಿನ ಮೈಮೇಲೆ ಕೈಯಿಟ್ಟು ನೋಡುತ್ತಾನೆ. ಹುಡುಗ ನೋಡುವುದಿಲ್ಲ. ವೇಗ ಹೆಚ್ಚಿದಂತೆ ತಿರುಚುವ ಬಲ ತಗ್ಗುತ್ತದೆ, ಹೊರೆಯನ್ನು ಎಳೆಯಲು ಮೋಟಾರು ಹೆಚ್ಚು ವಿದ್ಯುತ್ತನ್ನು ಕುಡಿಯುತ್ತದೆ, ಕುಡಿದುದರಲ್ಲಿ ಒಂದು ಪಾಲು ಶಾಖವಾಗುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲಿನಲ್ಲಿ ಆ ಶಾಖಕ್ಕೆ ಹೋಗಲು ದಾರಿಯಿಲ್ಲ. ಮೋಟಾರು ತಡೆದುಕೊಂಡರೆ ಪ್ಲಾಸ್ಟಿಕ್ಕಿನ ಹಲ್ಲುಗಳು ಸವೆಯುತ್ತವೆ. ಅವುಗಳ ಜಾಗಕ್ಕೆ ಉಕ್ಕಿನವನ್ನು ಹಾಕಿದರೆ ಮುಂದಿನ ಜೋಡಣೆಯ ಕಡ್ಡಿ ಮುರಿಯುತ್ತದೆ. ಒಂದು ಅಂಗಕ್ಕೆ ಕೊಟ್ಟ ಬಲ ಮತ್ತೊಂದು ಅಂಗದ ದೌರ್ಬಲ್ಯವನ್ನು ಹುಡುಕಿಕೊಂಡು ಹೋಗುತ್ತದೆ.

ಆದುದರಿಂದ ಅನುಭವಿಗಳು ಸುಧಾರಣೆಯನ್ನು ಬೇರೊಂದು ತುದಿಯಿಂದ ತೊಡಗುತ್ತಾರೆ. ಅಗ್ಗದ ಕಿಟ್ಟುಗಳಲ್ಲಿ ಗಾಲಿಯ ಅಚ್ಚು ಪ್ಲಾಸ್ಟಿಕ್ಕಿನ ಬಳೆಯಲ್ಲಿ ತಿರುಗುತ್ತಿರುತ್ತದೆ. ಅದರ ಬದಲು ಗುಂಡುಗಳ ಬೇರಿಂಗನ್ನು ಹಾಕಿದರೆ ಘರ್ಷಣೆ ತಗ್ಗಿ, ಅದೇ ಮೋಟಾರು, ಅದೇ ಬ್ಯಾಟರಿಯಿಂದ ಕಾರು ಹೆಚ್ಚು ದೂರ ಓಡುತ್ತದೆ. ಬರಿಯ ಸ್ಪ್ರಿಂಗಿನ ಬದಲು ಎಣ್ಣೆ ತುಂಬಿದ ಆಘಾತ ತಡೆಗಳನ್ನು ಕೂಡಿಸಿದರೆ ಗಾಲಿ ನೆಲವನ್ನು ಬಿಟ್ಟು ಕುಪ್ಪಳಿಸುವುದಿಲ್ಲ. ಬಿಸಿಲಿಗೆ ಎಣ್ಣೆ ತೆಳುವಾಗುವುದರಿಂದ ಬೇಸಗೆಗೆ ತುಸು ಮಂದವಾದ ಎಣ್ಣೆ ಬೇಕು. ಇನ್ನು ನೆಲದ ಮಾತು. ಬಳ್ಳಾರಿಯ ಕೆಮ್ಮಣ್ಣಿನ ನುಣುಪಾದ ಧೂಳು ಬೇರಿಂಗಿನೊಳಗೆ ನುಗ್ಗಿ ಅರದಂತೆ ಉಜ್ಜುತ್ತದೆ. ಅಲ್ಲಿ ಎರಡೂ ಪಕ್ಕ ಮುಚ್ಚಿದ ಬೇರಿಂಗೇ ಆಗಬೇಕು. ಕುರುಗೋಡಿನ ಎರೆಮಣ್ಣು ಒಣಗಿದಾಗ ಬಿರುಕು ಬಿಟ್ಟು ಗಾಲಿಯನ್ನು ಹಿಡಿಯುತ್ತದೆ, ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಕಾರಿನ ತೂಕವನ್ನೇ ಹೆಚ್ಚಿಸುತ್ತದೆ. ನೆಲಕ್ಕೆ ಅಂಟಿದಂತೆ ತಗ್ಗಾಗಿ ಓಡುವ ಪಂದ್ಯದ ಕಾರಿಗೆ ಸಿರುಗುಪ್ಪದ ಗಿರಣಿಗಳ ಮುಂದಣ ಸಿಮೆಂಟಿನ ಕಣದಂತಹ ನೆಲವೇ ಲೇಸು, ಅದೂ ಬತ್ತ ಹರವದ ದಿನಗಳಲ್ಲಿ. ಬೇರೆ ದೇಶದ ನುಣ್ಣನೆಯ ಪಂದ್ಯದ ಹಾದಿಗಾಗಿ ಬರೆದ ಸಲಹೆಗಳನ್ನು ಇಲ್ಲಿ ಕುರುಡಾಗಿ ಪಾಲಿಸಿದರೆ ಹಣ ಹೋಗುತ್ತದೆ, ಕಾರೂ ಹೋಗುತ್ತದೆ.

ಇಷ್ಟಾದ ಮೇಲೆ ಮೋಟಾರು. ಹಳೆಯ ಬಗೆಯ ಮೋಟಾರಿನಲ್ಲಿ ಇಂಗಾಲದ ಬ್ರಷ್ಷುಗಳು ಉಜ್ಜಿಕೊಂಡು ವಿದ್ಯುತ್ತನ್ನು ಒಳಗೆ ಸಾಗಿಸುತ್ತವೆ, ಸವೆಯುತ್ತವೆ, ಕಿಡಿಯುಗುಳುತ್ತವೆ. ಬ್ರಷ್ಷಿಲ್ಲದ ಮೋಟಾರಿನಲ್ಲಿ ತಿರುಗುವುದು ಅಯಸ್ಕಾಂತ, ಸುತ್ತಲಿನ ತಂತಿಸುರುಳಿಗಳಿಗೆ ಸರದಿಯಂತೆ ವಿದ್ಯುತ್ತನ್ನು ಕೊಡುವುದು ವೇಗ ನಿಯಂತ್ರಕದ ಕೆಲಸ. ಇದರೊಡನೆ ಬರುವ ಲಿಥಿಯಂ ಪಾಲಿಮರ್ ಬ್ಯಾಟರಿ ಹಗುರ, ಶಕ್ತಿಯೋ ಬಹಳ, ಆದರೆ ಮುಂಗೋಪಿ. ಅದರ ಒಂದೊಂದು ಕೋಶವನ್ನೂ 4.2 ವೋಲ್ಟಿಗಿಂತ ಹೆಚ್ಚು ತುಂಬಬಾರದು, ಸುಮಾರು 3 ವೋಲ್ಟಿಗಿಂತ ಕೆಳಕ್ಕೆ ಬರಿದು ಮಾಡಬಾರದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ತುಂಬಲು ಇಟ್ಟು ಮಲಗಬಾರದು, ಬಿಸಿಲಿನಲ್ಲಿ ಬಿಡಬಾರದು. ಈ ನಿಯಮಗಳನ್ನು ಮೀರಿದರೆ ಅದು ನೀರೆರಚಿದರೂ ಬೇಗ ಆರದ ಬೆಂಕಿಯಾಗಬಲ್ಲುದು.

ವೇಗದ ವಿಷಯದಲ್ಲಿ ಹವ್ಯಾಸಿಗಳಿಗೆ ಒಂದು ಜಂಬದ ಲೆಕ್ಕವಿದೆ. ಹತ್ತನೆಯ ಒಂದು ಅಳತೆಯ ಕಾರು ಗಂಟೆಗೆ 50 ಕಿಲೋಮೀಟರು ಓಡಿದರೆ ಅದು 500 ಕಿಲೋಮೀಟರು ಓಡಿದಂತೆ ಎನ್ನುತ್ತಾರೆ. ಇದು ಮಾತಿನ ಚಮತ್ಕಾರವೇ ಹೊರತು ಭೌತಶಾಸ್ತ್ರವಲ್ಲ. ಭೌತಶಾಸ್ತ್ರ ಹೇಳುವ ಲೆಕ್ಕ ಇನ್ನೂ ಗಂಭೀರವಾದುದು. ಒಂದೂವರೆ ಕಿಲೋಗ್ರಾಂ ತೂಕದ ಕಾರು ಗಂಟೆಗೆ 25 ಕಿಲೋಮೀಟರಿನಂತೆ ಬಂದು ಬಡಿದರೆ ಅಷ್ಟೇ ತೂಕದ ಕಲ್ಲು ಎರಡೂವರೆ ಮೀಟರಿನಿಂದ ಬಿದ್ದಷ್ಟು ಪೆಟ್ಟು. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟು. ಎಂದರೆ ಹತ್ತು ಮೀಟರು ಎತ್ತರದಿಂದ, ಮೂರಂತಸ್ತಿನ ಮನೆಯ ಮಾಳಿಗೆಯಿಂದ, ಬಿದ್ದ ಕಲ್ಲು. ಬೀದಿಯಲ್ಲಿ ಆಡುವ ಮಗುವಿನ ಕಾಲಿಗೆ ಅದು ಬಡಿದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದಲೇ ಒಳ್ಳೆಯ ಗ್ರಾಹಕಯಂತ್ರಗಳಲ್ಲಿ, ಆಜ್ಞೆ ತಪ್ಪಿದೊಡನೆ ಮೋಟಾರನ್ನು ನಿಲ್ಲಿಸುವ ಏರ್ಪಾಡಿರುತ್ತದೆ. ಸುಧಾರಣೆಗಳಲ್ಲೆಲ್ಲ ಇದಕ್ಕೆ ಮೊದಲ ಸ್ಥಾನ ಸಲ್ಲಬೇಕು. ಗಾಲಿಗಳನ್ನು ನೆಲದಿಂದ ಮೇಲಕ್ಕೆತ್ತಿ ಹಿಡಿದು, ಪ್ರೇಷಕವನ್ನು ಆರಿಸಿ, ಗಾಲಿ ನಿಲ್ಲುತ್ತದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು. ಹೆಚ್ಚಿನವರು ಆ ಅರ್ಧ ನಿಮಿಷವನ್ನು ಉಳಿಸಿಕೊಳ್ಳುತ್ತಾರೆ.

ರೇಡಿಯೊ ಆಜ್ಞೆಗೆ ನಡೆಯುವ ಗಾಡಿಗಳಲ್ಲಿ ಎಲ್ಲಕ್ಕಿಂತ ದೂರ ಹೋದ ನಮ್ಮ ದೇಶದ ಗಾಡಿ ಪ್ರಜ್ಞಾನ್. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ ಒಡಲಿನಿಂದ ಹೊರಬಂದ ಇದರ ತೂಕ 26 ಕಿಲೋಗ್ರಾಂ, ಗಾಲಿಗಳು ಆರು. ಅದನ್ನು ಇಳಿಸಿದ ನೌಕೆಯ ಸಂವೇದಕಗಳನ್ನು ಪರೀಕ್ಷಿಸಲು ಬಳ್ಳಾರಿಯ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ, ಉಳ್ಳಾರ್ತಿ ಕಾವಲಿನಲ್ಲಿ, ಚಂದ್ರನ ನೆಲದಂತೆ ಕುಳಿಗಳನ್ನು ತೋಡಿದ್ದರು. ಪ್ರಜ್ಞಾನ್‌ಗೆ ಆಜ್ಞೆ ಹೊರಡುತ್ತಿದ್ದುದು ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ. ಆ ಆಜ್ಞೆ ಚಂದ್ರನನ್ನು ಮುಟ್ಟಲು ಸುಮಾರು ಒಂದೂಕಾಲು ಸೆಕೆಂಡು ಬೇಕು, ಮರುಸುದ್ದಿ ಬರಲು ಮತ್ತಷ್ಟು. ಕಂಡೊಡನೆ ಹಿಡಿತ ತಿರುಗಿಸುವ ಸೌಕರ್ಯ ಅಲ್ಲಿಲ್ಲ. ಆದುದರಿಂದ ಅದನ್ನು ಕಟ್ಟಿದವರು ಅದಕ್ಕೆ ಕೊಟ್ಟ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರು. ಇರುವೆಯೂ ಅದನ್ನು ಹಿಂದೆ ಹಾಕಬಲ್ಲುದು. ಆಗಸ್ಟ್ 27ರಂದು ಅದರ ಎದುರಿಗೆ, ಮೂರು ಮೀಟರು ಮುಂದೆ, ನಾಲ್ಕು ಮೀಟರು ಅಗಲದ ಕುಳಿಯೊಂದು ಕಾಣಿಸಿತು. ಚಿತ್ರಗಳನ್ನು ನೋಡಿದ ವಿಜ್ಞಾನಿಗಳು ಬಂದ ದಾರಿಯಲ್ಲೇ ಹಿಂದಿರುಗುವಂತೆ ಆಜ್ಞೆ ಕಳುಹಿಸಿದರು. ಪ್ರಜ್ಞಾನ್ ಹಿಂದಿರುಗಿ ಬೇರೆ ದಾರಿ ಹಿಡಿಯಿತು. ಸೆಪ್ಟೆಂಬರ್ 2ರ ಹೊತ್ತಿಗೆ ಅದು ನೂರು ಮೀಟರು ದೂರವನ್ನು ದಾಟಿತ್ತು.